ಮನೆಯ ತಿರುವಿನಲ್ಲಿ ಆರುತ್ತಿದ್ದ ಎ.ಸಿ.

ಅತ್ತೆ,

ಈ ಕಾಗದ ಎಲ್ಲಿಗೂ ಹೋಗುವುದಿಲ್ಲ, ಗೊತ್ತು. ಆದರೂ ನಿಮಗೆ ವರದಿ ಒಪ್ಪಿಸದೆ ಇರಲಾರೆ.

ನೀವಿಲ್ಲವಾದ ಮೇಲೆ ನಿಮ್ಮ ಕಾರನ್ನು ನಾನೇ ಓಡಿಸುತ್ತಿದ್ದೇನೆ. ಈಚೆಗೆ ಎ.ಸಿ. ಹಾಕಿದರೆ ಸಾಕು, ಒದ್ದೆ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆದಂಥ ಮುಗ್ಗಲು ವಾಸನೆ. ನಿಮ್ಮ ಮಗ ಸೆಂಟಿನ ಡಬ್ಬಿ ತಂದಿಟ್ಟರು. ವಾಸನೆ ಎರಡಾಯಿತು, ಅಷ್ಟೇ.

ಇವತ್ತು ಮೆಕ್ಯಾನಿಕ್ ಫಿಲ್ಟರ್ ಬದಲಿಸಿ, ಒಳಗೆಲ್ಲ ಔಷಧಿ ಹೊಡೆದು ತೊಳೆದ. "ಕಾರು ನಿಲ್ಲಿಸೋಕೆ ಸ್ವಲ್ಪ ಮೊದಲೇ ಎ.ಸಿ. ಆರಿಸಿ, ಬರೀ ಫ್ಯಾನ್ ಬಿಡಿ ಮೇಡಂ. ಒಳಗಿನ ತೇವ ಒಣಗುತ್ತೆ," ಎಂದ.

ನೀವು ಮಾಡುತ್ತಿದ್ದುದು ಅದನ್ನೇ! ಮನೆಯ ತಿರುವು ಬಂದೊಡನೆ ಎ.ಸಿ. ಆರುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನೂ ನಿಮ್ಮ ಮಗನೂ ಬೆವರುತ್ತ, "ಪೆಟ್ರೋಲ್ ಉಳಿಸ್ತಿದ್ದಾರೆ," ಎಂದು ಪಿಸುಗುಟ್ಟಿ ನಗುತ್ತಿದ್ದೆವು. ಕನ್ನಡಿಯಲ್ಲಿ ಎಲ್ಲ ಕಂಡರೂ ನೀವು ತುಟಿ ಬಿಚ್ಚಲಿಲ್ಲ. ಎಂಥ ಗಟ್ಟಿಗಿತ್ತಿ ನೀವು!

ಒಂದೇ ಒಂದು ಸಲ ಗೇಟಿನವರೆಗೂ ಆರಿಸಲಿಲ್ಲ. ಉರಿಬಿಸಿಲಲ್ಲಿ ನಾನು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬಂದ ದಿನ ಅದು. ನಮ್ಮನ್ನು ಇಳಿಸಿದ ನೀವು ಇಂಜಿನ್ ನಿಲ್ಲಿಸದೆ ಕಾರಿನಲ್ಲೇ ಉಳಿದಿರಿ. ಮೊಮ್ಮಗಳನ್ನು ಎತ್ತಿಕೊಳ್ಳಲು ಓಡಿ ಬರಲಿಲ್ಲವೆಂದು ನನ್ನ ಮುಖ ಊದಿತ್ತು.

"ಯಾಕತ್ತೆ ಇಷ್ಟು ಹೊತ್ತು?" ಎಂದೆ.

ಬರೀ ಫ್ಯಾನ್ ಓಡುತ್ತಿದ್ದ ಕಾರಿನಿಂದ ಇಳಿದು ಬಂದ ನೀವು ಹಣೆಯ ಬೆವರು ಒರೆಸಿಕೊಂಡಿರಿ. "ಏನಿಲ್ಲಮ್ಮ, ಸುಮ್ನೆ ಕೂತಿದ್ದೆ. ಮಗೂಗೆ ದಾರೀಲಿ ಸೆಕೆ ಆಗ್ಲಿಲ್ಲ ತಾನೆ?"