ನಕ್ಷತ್ರದ ಧೂಳಿನ ಬಿಸಿ

ಔರಂಗಾಬಾದ್, ಫೆಬ್ರವರಿ ೧೯೮೭

ಗೋದಾವರಿ ಅಕ್ಕನಿಗೆ ಬಿಂದುಮಾಧವನ ನಮಸ್ಕಾರ. ಭಾವನವರು ಇದನ್ನು ನಿನಗೆ ಓದಿ ಹೇಳಲಿ.

ನಿನ್ನೆ ಬ್ಯಾಂಕಿನ ಗೆಳೆಯರೊಡನೆ ಇಲ್ಲಿನ ಕಾಲೇಜಿಗೆ ನಕ್ಷತ್ರಗಳ ಕುರಿತ ಭಾಷಣ ಕೇಳಲು ಹೋಗಿದ್ದೆ. ಪ್ರೊಫೆಸರರು ನಮ್ಮ ಕಣ್ಣು ಮುಚ್ಚಿಸಿ, ಕಾದ ಇಸ್ತ್ರಿ ಪೆಟ್ಟಿಗೆಯನ್ನು ಸದ್ದಿಲ್ಲದೆ ಮುಖದ ಹತ್ತಿರ ತಂದು, ಅದು ಯಾವ ಕಡೆಗಿದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಉಳಿದವರು ತಡವರಿಸಿದರು. ನಾನು ಪ್ರತಿ ಸಲವೂ ಸರಿಯಾಗಿ ಹೇಳಿದೆ. ಹೇಗೆ ಗುರುತಿಸಿದಿರಿ ಎಂದು ಅವರು ಮರಾಠಿಯಲ್ಲಿ ಕೇಳಿದರೆ, "ನಮ್ಮ ಅಕ್ಕ ಕಲಿಸ್ಯಾಳ್ರಿ" ಎಂದು ಕನ್ನಡದಲ್ಲೇ ಅಂದುಬಿಟ್ಟೆ! ನಿನಗೆ ಕಣ್ಣು ಹೋದ ವರ್ಷ ನೀನು ಹಿತ್ತಲ ಗೋಡೆಗೆ ಕೆನ್ನೆ ಒತ್ತಿ, "ಮಾಧೂ, ಸೂರ್ಯಾ ಈಗ ಇತ್ಲಾಗ ಅದಾನ ನೋಡು" ಎನ್ನುತ್ತಿದ್ದೆ. ನನ್ನ ಕಣ್ಣನ್ನೂ ಮುಚ್ಚಿಸಿ ಆಡಿಸುತ್ತಿದ್ದೆ. ಆ ಸಂಜೆಗಳೆಲ್ಲ ಒಮ್ಮೆಲೇ ನೆನಪಾದವು.

ಮುದಿ ನಕ್ಷತ್ರ ತನ್ನ ಮೈಮೇಲಿನ ಅನಿಲ, ಧೂಳನ್ನೆಲ್ಲ ಸುತ್ತ ಚೆಲ್ಲಿಬಿಡುತ್ತದಂತೆ. ಅದಕ್ಕೆ ಗ್ರಹೀಯ ನೀಹಾರಿಕೆ ಎನ್ನುತ್ತಾರೆ. ಆ ಧೂಳಿನ ಕಣಗಳು ನಕ್ಷತ್ರದ ಬೆಳಕನ್ನು ಹೀರಿ, ಬೆಚ್ಚಗಾಗಿ, ಅವಕೆಂಪು ಕಿರಣಗಳನ್ನು, ಅಂದರೆ ಬಿಸಿಯನ್ನು, ಸೂಸುತ್ತವೆ. ಅದು ಯಾರ ಕಣ್ಣಿಗೂ ಕಾಣದು, ಅಕ್ಕ. ಮೂರ್ನಾಲ್ಕು ವರ್ಷದ ಹಿಂದೆ ಉಪಗ್ರಹವೊಂದು ಆ ಬಿಸಿಯಿಂದಲೇ ಎಷ್ಟೋ ನೀಹಾರಿಕೆಗಳನ್ನು ಗುರುತಿಸಿತಂತೆ.

ನನ್ನ ಕೆಮ್ಮು ಇಳಿದಿದೆ, ಚಿಂತೆ ಬೇಡ. ಇಲ್ಲಿಗೆ ಹತ್ತಿರದ ವೇರೂಳ್ ಗುಹೆಗಳನ್ನು ನೋಡಲು ನಾನು ಕರೆದಾಗ ನೀನು "ನಾ ಬಂದು ಏನ್ ನೋಡ್ಲಿ?" ಎಂದು ಬರೆಸಿದ್ದೆ. ಅಲ್ಲಿನ ಗುಹೆಗಳು ಪಡುವಣಕ್ಕೆ ಮುಖ ಮಾಡಿವೆ. ಹೊತ್ತು ಮುಳುಗಿದ ಮೇಲೂ ಕಲ್ಲು ಬೆಚ್ಚಗಿರುತ್ತದೆ. ಭಾವನವರೊಡನೆ ಹೊರಟು ಬಾ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಮಾಧು