ಧಾರೆ ಎರೆದವರು

ಮಾರ್ಚ್ 3, ಮಂಗಳವಾರ

ಇಲ್ಲಿಯೂ ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಓದುವವರೇ ಇಲ್ಲದ ಕಡೆ ಹಿಂಜರಿಕೆ ಯಾಕೆ? ಬರೆಯುತ್ತೇನೆ — ಪುಟ್ಟಮಾದಮ್ಮಜ್ಜಿ ತಾವು ಹೇಳಿದಂತೆ ಮರಿಯಯ್ಯನ ಮಗಳಲ್ಲ ಎಂದು ನನಗೆ ಅನುಮಾನ.

ಬೆಳಿಗ್ಗೆ ಬೆಂಗಳೂರಿನ ಲ್ಯಾಬಿನ ಮೇಡಂ ಫೋನ್. ಇರುಳುಗಣ್ಣಿನ ಜೀನ್ ಸ್ಟಡಿಯಲ್ಲಿ ಅಜ್ಜಿಯ ಈ ಒಂದು ಕುಟುಂಬ ಮಾತ್ರ ಸುತ್ತಲಿನವರ ಜೊತೆ ಹೊಂದುತ್ತಿಲ್ಲವಂತೆ. “ವಂಶವೃಕ್ಷ ತಪ್ಪಿರಬೇಕು, ಇಲ್ಲ ನೀವು ಟ್ಯೂಬ್ ಅದಲುಬದಲು ಮಾಡಿರಬೇಕು.”

ಟ್ಯೂಬ್ ಅದಲುಬದಲಾಗಿಲ್ಲ. ಮನೆಗೆ ಹೋಗಿ ಎಂಜಲು ಸಂಗ್ರಹಿಸಿ ಲೇಬಲ್ ಅಂಟಿಸಿದವಳು ನಾನೇ.

ಅಜ್ಜಿಯ ಅಪ್ಪ ಅಮ್ಮ ಈಗಿಲ್ಲ. ಇಲ್ಲದವರ ಜಾಗವನ್ನು ಕಂಪ್ಯೂಟರ್ ಈ ಕಡೆಯ ಜನರ ಸರಾಸರಿಯಿಂದ ತುಂಬಿಕೊಳ್ಳುತ್ತದೆ. ಇಲ್ಲಿ ಅಪರೂಪ ಎನಿಸುವ ಒಂದು ಜೀನ್ ಗುರುತು ಅಜ್ಜಿಯ ಮೂಲದವರಲ್ಲಿ ಮನೆಮನೆಯಲ್ಲೂ ಇರುವಂಥದ್ದಾದರೆ? ಅದನ್ನೇ ರೋಗದ ಕಾರಣ ಎಂದುಬಿಡುತ್ತೇವೆ. ಮೊಮ್ಮಗಳು ಶೋಭಿತಾಳಲ್ಲಿ ಆ ಗುರುತಿದೆ. ಅವಳ ತಂಗಿ ಚಿನ್ನಿಯಲ್ಲಿ ಇಲ್ಲ. ಚಿನ್ನಿಗೆ ಏನೂ ಆಗದು ಎಂದು ಧೈರ್ಯ ಹೇಳಿ ಬಂದುಬಿಡುತ್ತೇವೆ.

ರಿಪೋರ್ಟ್ ತಡೆಯಿರಿ ಎಂದೆ. ಮಾರ್ಚ್ 31ರವರೆಗೆ ಟೈಮ್. ಮಿಶ್ರ ಮೂಲ ಎಂದು ಖಚಿತವಾದರೆ ಲೆಕ್ಕ ತಿದ್ದಬಹುದು. ಇಲ್ಲದಿದ್ದರೆ ಕುಟುಂಬವನ್ನೇ ಕೈಬಿಡುತ್ತಾರೆ.

ಮಾರ್ಚ್ 7

ಗೆಜ್ಜಲಗೆರೆ ಹತ್ತಿರ ಅವರ ಮನೆ. ಅಜ್ಜಿಯ ಮಗ ಯತೀಶ್ ಫ್ಯಾಕ್ಟರಿಯಿಂದ ಆಗಷ್ಟೇ ಬಂದಿದ್ದ. ಬೈಕ್ ಇಳಿಯುವ ಮೊದಲೇ ಶುರು.

“ಏನ್ ಮೇಡಂ, ಎಂಜ್ಲು ಈಸ್ಕೊಂಡೋದ್ರಿ, ವರ್ಸಾಯ್ತು, ಅಡ್ರೆಸ್ಸೇ ಇಲ್ಲ!”

ನಕ್ಕೆ. ಇನ್ನೇನು ಮಾಡಲಿ.

ಕತ್ತಲಾಗುತ್ತಿತ್ತು. ಅವನ ದೊಡ್ಡ ಮಗಳು ಶೋಭಿತಾ ಗೋಡೆ ಸವರಿಕೊಂಡು ಕಾಫಿ ತಂದಳು. ಹನ್ನೊಂದು ವರ್ಷ. ಹುಷಾರು ಕಣಮ್ಮ ಎಂದು ಅಜ್ಜಿ ಅಂದಿದ್ದಕ್ಕೆ, “ನೀನ್ ನಕ್ರೆ ನಿಂಗೂ ಏನೂ ಕಾಣಲ್ಲ ಬುಡಜ್ಜಿ, ಕಣ್ಣೇ ಮುಚ್ಚೋಯ್ತವೆ!” ಎಂದಳು. ಎಲ್ಲರೂ ನಕ್ಕರು. ಅಜ್ಜಿಯ ಕಣ್ಣು ನಿಜಕ್ಕೂ ಮುಚ್ಚಿಹೋದವು. ಸಣ್ಣ ಕಣ್ಣು, ಅಗಲ ಕೆನ್ನೆ.

ನೋಡಿದೆ. ನಾನು ನೋಡಿದ್ದನ್ನು ಅಜ್ಜಿಯೂ ನೋಡಿದರು.

ಮಾರ್ಚ್ 12

ಯತೀಶ್ ಕೆಲಸಕ್ಕೆ ಹೋದ ಮೇಲೆ ಹೋದೆ. ಅಜ್ಜಿ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಕೇಳುವ ಮೊದಲೇ —

“ಬ್ಲಫ್ ಪವರೌಸ್ ಕ್ವಾಟ್ರಸ್‌ನಾಗೆ ಉಟ್ಟಿದ್ದು ಕಣವ್ವ ನಾನು. ನಮ್ಮಪ್ಪ ಗೂರ್ಖ. ನೇಪಾಳದೋನು. ಅಲ್ಲೇ ಗೇಟ್ ಕಾಯ್ತಿದ್ದ. ಅವ್ವ ಬೆಳಕವಾಡಿಯೋಳು. ಇಬ್ರೂವೆ ಸತ್ತೋದ್ರು. ಮರಿಯಯ್ಯ ಗಂಡ-ಹೆಂಡ್ರು ಸಾಕುದ್ರು, ನಮ್ಮ ಮಗಳು ಅಂತ ಧಾರೆ ಎರುದ್ರು. ಧಾರೆ ಎರುದ್‌ಮ್ಯಾಲೆ ಅವ್ರೇ ಅಪ್ಪ-ಅವ್ವ. ನೀನ್ ಕೇಳ್ದಾಗ ನಾನ್ ಸುಳ್ಳೇಳ್ಲಿಲ್ಲ.”

ನಿಜ, ಸುಳ್ಳು ಹೇಳಿರಲಿಲ್ಲ. ಹೆತ್ತವರು ಯಾರು ಎಂದು ನಾನು ಕೇಳಿರಲೂ ಇಲ್ಲ. ಇಲ್ಲಿ ಒಬ್ಬಳನ್ನು ಮನೆಮಗಳು ಮಾಡುವುದು ಹೆರಿಗೆಯಷ್ಟೇ ಅಲ್ಲ, ಧಾರೆಯ ನೀರೂ ಹೌದು. ನಮ್ಮ ಟ್ರೈನಿಂಗ್‌ನಲ್ಲಿ ಅದಿರಲಿಲ್ಲ.

ಯತೀಶ್ ಮದುವೆಯಾದದ್ದು ಸ್ವಂತ ಅಕ್ಕನ ಮಗಳು ಶ್ವೇತಳನ್ನು. ಗಂಡ-ಹೆಂಡತಿ ಇಬ್ಬರಲ್ಲೂ ಅಜ್ಜಿಯ ರಕ್ತ, ಮಕ್ಕಳಿಗೆ ಎರಡೂ ಕಡೆಯಿಂದ. ಅಜ್ಜಿ ಅದನ್ನು ನನಗಿಂತ ಮೊದಲೇ ಯೋಚಿಸಿದ್ದರು.

“ಮಗೀನ್ ಕಣ್ಣು… ನನ್ನಿಂದ್ಲೇ ಬಂತಾ?”

“ಗೊತ್ತಿಲ್ಲ ಅಜ್ಜಿ. ಗೊತ್ತಾಗಬೇಕು ಅಂದ್ರೆ ಲ್ಯಾಬಿಗೆ ಇದನ್ನ ಹೇಳಬೇಕು.”

“ಯೋಳುದ್ರೆ ಯತೀಸಂಗೂ ಗೊತ್ತಾಯ್ತದಾ?”

“ವಂಶವೃಕ್ಷ ತಿದ್ದಿದ ಮೇಲೆ ಆ ಕಾಗದಕ್ಕೆ ಮನೆಯ ದೊಡ್ಡವರೆಲ್ಲರೂ ಸಹಿ ಹಾಕಬೇಕು.”

“ಅಂಗಾರೆ ದೀಪಿಕನ ಮದ್ವೆ?” ದೀಪಿಕ ಶ್ವೇತಳ ತಂಗಿ. “ಗಂಡಿನ್ ಕಡೇರು ಮೂರ್ ತಲೆಮಾರು ಕೆದಕ್ತಾವ್ರೆ. ಗೂರ್ಖನ್ ಮರಿಮಗಳು ಅಂದ್ರೆ ಚಪ್ಪರ ಆಕ್ತಾರಾ?”

ಅವರೆಕಾಯಿ ಸುಲಿದೆ.

ಮಾರ್ಚ್ 13

ಮೇಲ್ ಬರೆದೆ. ಅಳಿಸಿದೆ. ಅಜ್ಜಿಯ ಮಾತು ನನ್ನದಲ್ಲ, ನಾನು ಹೇಳುವ ಹಾಗಿಲ್ಲ. ಹೇಳದೆ ಪಣಕ್ಕಿಡಲು ಚಿನ್ನಿಯ ಕಣ್ಣು ಮಾತ್ರ ನನ್ನದೇ?

ಮಾರ್ಚ್ 29, ಭಾನುವಾರ

ಅಜ್ಜಿ ಮದ್ದೂರಿಗೆ ಬರಹೇಳಿದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು. ಎಲೆಯಡಿಕೆ ಉಗಿದು ಬಂದು ಕೈ ಚಾಚಿದರು.

“ನಿನ್ ಕಾಗ್ದುಕ್ಕೆ ಎಬ್ಬೆಟ್ಟು ಈಗ್ಲೇ ಒತ್ಕೊ. ಮದ್ವೆ ಆಗ್ಲಿ. ಮಾರ್ನೆ ದಿನ ಬೆಳಿಗ್ಗೆ ಯತೀಸಂಗೆ ನಾನೇ ಯೋಳ್ತೀನಿ, ನಾನೇ ಸೈನ್ ಆಕುಸ್ತೀನಿ. ಆಮ್ಯಾಲೆ ಕಳ್ಸು.”

ಮದುವೆ ಏಪ್ರಿಲ್ 26. ನಾಡಿದ್ದು 31ಕ್ಕೇ ಕೊನೆ ಎಂದೆ. ಆಮೇಲೆ ಕಳಿಸಿದರೆ ಬಿಚ್ಚಿ ನೋಡುತ್ತಾರೋ ಇಲ್ಲವೋ ಎಂದೂ ಹೇಳಿದೆ. ಹೇಳಲೇಬೇಕಿತ್ತು. ಒತ್ತಾಯದಂತೆ ಕೇಳಿಸಿತೇನೋ.

ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದರು.

“ಒಂದ್ ಮೊಮ್ಮಗಳ್ ತಾಳಿ ಈ ಕೈಲಿ, ಒಂದ್ ಮಗೀನ್ ಕಣ್ಣು ಈ ಕೈಲಿ. ಯಾವ್ ಕೈ ಬುಡ್ಲಿ, ಓದ್ದೋಳು ನೀನೇ ಯೋಳವ್ವ.”

ಅವರ ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ.

ಮಾರ್ಚ್ 31

ಒಂದು ತಿಂಗಳು ಕಾಯಿರಿ ಎಂದು ಕೇಳಿದೆ. ಕಾರಣ ಏನು ಎಂದರು. ಕಾರಣ ಹೇಳುವ ಹಾಗಿಲ್ಲ ಎಂದೆ. ಲ್ಯಾಬಿನ ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ, ಒಂದೇ ಸಾಲು ಬರೆದರು. ಕುಟುಂಬವನ್ನು ಕೈಬಿಡಲಾಗಿದೆ. ಸ್ಟಡಿಯ ಇನ್ನೊಂದು ಸುತ್ತು ನಡೆಯುವುದು ಗ್ಯಾರಂಟಿ ಇಲ್ಲ.

ಏಪ್ರಿಲ್ 9, ಸಂಜೆ

ಯತೀಶ್ ಫೋನ್. ಹಿಂದೆ ಚಪ್ಪರದ ಬಿದಿರು ಇಳಿಸುವ ಸದ್ದು. “ಮೇಡಂ, ಚಿನ್ನಿ ಒತ್ತು ಮುಳುಗುದ್‌ಮ್ಯಾಲೆ ಒಸ್ಲು ಎಡುವ್ತಾವ್ಳೆ. ನಾಕ್ ವರ್ಸದ್ ಮಗ, ಎಡುವ್ತದೆ ಅಲ್ವಾ? ಎಲ್ಲಾ ಮಕ್ಳೂ ಎಡುವ್ತವೆ ಅಲ್ವಾ?”

ಕಣ್ಣಾಸ್ಪತ್ರೆಗೆ ತೋರಿಸಿ, ನಾಳೆಯೇ ಹೋಗಿ, ನಾನೂ ಬರುತ್ತೇನೆ ಎಂದೆ.

“ಅದ್ ಸರಿ. ನಿಮ್ ರಿಪೋಲ್ಟು ಏನಾಯ್ತು?”

ಬರುತ್ತೆ ಎಂದೆ.

ತಿದ್ದಿದ ವಂಶವೃಕ್ಷದ ಕವರ್ ಟೇಬಲ್ ಮೇಲಿದೆ. ಅಂಟಿಸಿಲ್ಲ, ಒಳಗಿನ ಕಾಗದದಲ್ಲಿ ಸಹಿಗಳಿಗೆ ಜಾಗ ಬಿಟ್ಟಿದೆ. ವಿಳಾಸ ಬರೆದು, ಮೂಲೆಯಲ್ಲಿ ಕಳಿಸುವ ದಿನವನ್ನೂ ಗುರುತು ಹಾಕಿದ್ದೇನೆ. ಸ್ಪೀಡ್ ಪೋಸ್ಟ್, ಮಂಡ್ಯ — ಏಪ್ರಿಲ್ 27, ಸೋಮವಾರ