ವಿಂಡೋಸ್ ಇದ್ದರೆ ಬಿಡು

ಶಹಾಪುರ
೧೭ ನವೆಂಬರ್ ೨೦೨೫

ಬುದ್ಧಪ್ರಿಯ ಅವರಿಗೆ, ಜೈಭೀಮ್.

ತವರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಒಮ್ಮೆಯೂ ನಿಮಗೆ ಫೋನ್ ಮಾಡಲಿಲ್ಲ, ಇನ್ನು ಮಾಡುವುದೂ ಇಲ್ಲ. ಆದರೆ ನಿನ್ನೆ ಕೆಂಭಾವಿಯ ರೈತರ ಸಭೆಯಲ್ಲಿ ನಡೆದದ್ದನ್ನು ಬೇರೆಯವರು ಅರ್ಧಂಬರ್ಧ ಹೇಳುವ ಮೊದಲು ನಾನೇ ಹೇಳಬೇಕು. ಆ ಸುಖವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಯಾದಗಿರಿಯ ಆ ಸಣ್ಣ ಕಂಪನಿಯಲ್ಲಿ ಒಂದೇ ಮೇಜಿಗೆ ಕೂತು ಇಬ್ಬರೂ ಮಾಡಿದ ಕೆಲಸವದು. ಯಾವ ಹೊಲಕ್ಕೆ ಯಾವ ದಿನ ಕಾಲುವೆ ನೀರಿನ ಸರದಿ ಎಂದು ರೈತರ ಮೊಬೈಲಿಗೆ ಮುಂಚೆಯೇ ಸಂದೇಶ ಕಳಿಸುವ ಸಾಫ್ಟ್‌ವೇರ್. ಅದನ್ನು ಬರೆದವರು ನೀವು. ಅದು ತಪ್ಪಿಲ್ಲದೆ ನಡೆಯುತ್ತದೆಯೇ ಎಂದು ತಾನಾಗಿಯೇ ನೋಡುವ ನಲವತ್ತೆರಡು ಪರೀಕ್ಷೆಗಳನ್ನು ಬರೆದವಳು ನಾನು. ನಮ್ಮ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇತ್ತು, ಅದನ್ನು ಬಳಸುವ ಕೆಂಭಾವಿಯ ರೈತರ ಸಂಘದ ಕಚೇರಿಯಲ್ಲಿ ವಿಂಡೋಸ್. ಅಲ್ಲಿನ ಯಂತ್ರ ತಿಂಗಳನ್ನು ಮೊದಲು ಓದುತ್ತಿತ್ತು. ೮/೯ ಎಂದರೆ ಅದಕ್ಕೆ ಸೆಪ್ಟೆಂಬರ್ ಎಂಟಲ್ಲ, ಆಗಸ್ಟ್ ಒಂಬತ್ತು. ತಾರೀಕಿನ ಪರೀಕ್ಷೆ ಅಲ್ಲಿ ನಪಾಸಾಗಿ ಕೆಂಪು ತೋರಿಸಿತು. ನಿಮಗೆ ಹೇಳಿದೆ. "ನಾ ನೋಡ್ತೀನಿ ಬಿಡು" ಅಂದಿರಿ.

ಮರುದಿನ ಕೆಲಸವನ್ನು ಸಂಘಕ್ಕೆ ಒಪ್ಪಿಸಬೇಕಿತ್ತು. ಒಪ್ಪಿಸುವ ಕಾಗದದಲ್ಲಿ ನಿಮ್ಮೊಬ್ಬರದೇ ಹೆಸರು. ನೀವು ತಪ್ಪು ತಿದ್ದಲಿಲ್ಲ. ನನ್ನ ಪರೀಕ್ಷೆಯ ತಲೆಯ ಮೇಲೆ ಒಂದು ಸಾಲು ಸೇರಿಸಿದಿರಿ: ವಿಂಡೋಸ್ ಇದ್ದರೆ ಇದನ್ನು ಬಿಡು. ಆ ಪರೀಕ್ಷೆ ಅಲ್ಲಿ ನಡೆಯಲೇ ಇಲ್ಲ, ಎಲ್ಲ ಹಸಿರಾಯಿತು.

ಕಾಲುವೆಯ ಕೊನೆಯಲ್ಲಿ ಹೊಲವಿರುವ ಮಲಕಮ್ಮನ ಸರದಿ ಸೆಪ್ಟೆಂಬರ್ ಎಂಟಕ್ಕೆ. ಅದು ಯಾವಾಗಲೋ ಮುಗಿದಿದೆ ಎಂದುಕೊಂಡು ಯಂತ್ರ ಅವಳಿಗೆ ಸಂದೇಶವನ್ನೇ ಕಳಿಸಲಿಲ್ಲ. ನೀರು ಬಂದು ಮುಂದೆ ಹೋಯಿತು, ಮೆಣಸಿನ ಗಿಡಗಳು ಒಣಗಿದವು. ಆಕೆ ಕಂಪನಿಯ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದಾಗ ಮಾಲೀಕ ಭಗವಂತರಾಯರ ಮುಂದೆ ನೀವು ಏನೆಂದಿರಿ, ನೆನಪಿದೆಯೇ? "ಪರೀಕ್ಷಾ ಬರದಾಕಿ ಆಕೀರಿ. ತಪ್ಪು ಆಕೀದೇ." ಅಂದೇ ನನ್ನ ಕೆಲಸ ಹೋಯಿತು. ಆ ರಾತ್ರಿ ನೀವು ಹೊಟ್ಟೆ ತುಂಬ ಊಟ ಮಾಡಿದಿರಿ. ಬೆಳಿಗ್ಗೆ ನಾನು ಶಹಾಪುರದ ಬಸ್ಸು ಹತ್ತಿದೆ.

ಹೋದ ತಿಂಗಳು ಸಂಘದ ಕಾರ್ಯದರ್ಶಿ ನಿಂಗರಾಜ ಆ ಸಾಫ್ಟ್‌ವೇರಿನ ಪೂರ್ತಿ ಪ್ರತಿ ತಂದು, ಎಲ್ಲಿ ಕೆಟ್ಟಿದೆ ನೋಡೆಂದರು. ಯಾವ ಕಂಪ್ಯೂಟರಿನಲ್ಲಾದರೂ ಒಂದೇ ಉತ್ತರ ಬರಬೇಕೆಂದು ಹಟ ಹಿಡಿದು ಕೂತೆ. ಮೊದಲು ಸಿಕ್ಕಿದ್ದು ನನ್ನವೇ ತಪ್ಪುಗಳು. ಕಡತಗಳು ಎಲ್ಲಿವೆ ಎಂಬ ದಾರಿಯನ್ನು ನನ್ನ ಯಂತ್ರಕ್ಕೆ ಮಾತ್ರ ಹೊಂದುವಂತೆ ಬರೆದಿದ್ದೆ. ಸಾಲು ಮುಗಿಯುವ ಗುರುತು ವಿಂಡೋಸಿನಲ್ಲಿ ಬೇರೆ ಎಂಬುದನ್ನೂ ಮರೆತಿದ್ದೆ. ಒಂದೊಂದನ್ನೇ ತಿದ್ದಿದೆ. ಕೊನೆಗೆ ಉಳಿದದ್ದು ನಿಮ್ಮ ಸಾಲು.

ನಿನ್ನೆ ಎಲ್ಲರೆದುರು ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಪರೀಕ್ಷೆ ನಡೆಸಿದೆ. ನಿಮ್ಮ ಸಾಲು ಇದ್ದಾಗ ಎರಡೂ ಹಸಿರು. ಅಳಿಸಿದೆ, ವಿಂಡೋಸ್ ಕೆಂಪಾಯಿತು. ಅದನ್ನು ಸೇರಿಸಿದವರ ಹೆಸರು, ತಾರೀಕು ಸಾಫ್ಟ್‌ವೇರಿನ ತಿದ್ದುಪಡಿಗಳ ಇತಿಹಾಸದಲ್ಲಿ ಇದ್ದೇ ಇತ್ತು. ನಿಂಗರಾಜ ಗಟ್ಟಿಯಾಗಿ ಓದಿದರು. ಸಭೆಗೆ ಬಂದಿದ್ದ ಭಗವಂತರಾಯರು ಕನ್ನಡಕ ಹಾಕಿಕೊಂಡು ತಾವೂ ಓದಿದರು.

ಮಲಕಮ್ಮ ಎದ್ದು ಬಂದಳು. "ಅಂವ ನಿನಗೇನ ಆಗಬೇಕವ್ವ?" ಎಂದು ಕೇಳಿದಳು.

"ಗಂಡ" ಅಂದೆ.

"ನಿನಗೂ ಆವಾಗ ಗೊತ್ತಿದ್ದಿಲ್ಲೇನು?"

"ಇಲ್ಲಬೇ."

ನನ್ನ ಕೈ ಹಿಡಿದುಕೊಂಡಳು. "ನಿನಗ ಸುಮ್‌ಸುಮ್ನ ಬೈದೆ. ತಪ್ಪಾತು, ಮನಸಿನ್ಯಾಗ ಇಟಗೋಬ್ಯಾಡ" ಎಂದಳು.

ಭಗವಂತರಾಯರು ಹೊರಗೆ ಬಂದು, ನಿಮ್ಮನ್ನು ನಾಳೆಯೇ ತೆಗೆಯುತ್ತೇನೆ, ಆ ಜಾಗಕ್ಕೆ ನೀನು ಬಾ ಎಂದು ಕರೆದರು. ಒಪ್ಪಲಿಲ್ಲ. ನನ್ನನ್ನು ತೆಗೆದದ್ದು ತಪ್ಪೆಂದು ಬರೆದು ಕಂಪನಿಯ ಗೋಡೆಗೆ ಅಂಟಿಸಿ ಎಂದೆ. ಇವತ್ತು ಅಂಟಿಸಿದ್ದಾರೆ, ಫೋಟೋ ಬಂತು. ನಿಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕಲು ಹೇಳಿದ್ದು ನಾನೇ.

ಇನ್ನೂ ಕಾಗದದ ಮೇಲೆ ಮಾತ್ರ ನಿಮ್ಮವಳಾದ
ಪಂಚಶೀಲಾ

ತಾ.ಕ.: ಆ ಸಾಲು ನೀವು ಸೇರಿಸಿದ ಸಂಜೆಯೇ, ನೀವು ಚಹಾಕ್ಕೆ ಹೋದಾಗ ನೋಡಿದ್ದೆ. ಮಲಕಮ್ಮನ ಸರದಿಗೆ ಇನ್ನೂ ಐದು ದಿನವಿತ್ತು. ಒಪ್ಪಿಸುವ ಕಾಗದದಲ್ಲಿ ನನ್ನ ಹೆಸರು ಬಿಟ್ಟವರು ಎಲ್ಲರೆದುರು ಬೀಳಲಿ ಎಂದು ಬಾಯಿ ಮುಚ್ಚಿಕೊಂಡೆ. ಈ ಪತ್ರವನ್ನು ಕೆಂಭಾವಿಗೆ ಒಯ್ದು ಆಕೆಗೆ ಓದಿ ಹೇಳಬೇಕೆನಿಸಿದರೆ ಹೇಳಿ. ನನ್ನಿಂದ ಆಗಲಿಲ್ಲ.